ಮತೀಲರ ಗಡಿಯಾರ, ನನ್ನ ಎಡಗೈ

೨ ಸೆಪ್ಟೆಂಬರ್ ೧೯೫೭, ಸೋಮವಾರ

ಕೆಟ್ಟ ಕನಸು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು, ಪಾತ್ರೆಯೊಳಗಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಮುಚ್ಚಳ ತೆಗೆದರೆ ಆಲೂಗಡ್ಡೆಗಳ ನಡುವೆ ಮತೀಲರ ಕೈಗಡಿಯಾರ ಕುದಿಯುತ್ತಿದೆ. ತೀರಿಹೋದ ಅಮ್ಮ ಪಕ್ಕದಲ್ಲಿ ನಿಂತು ಅದನ್ನು ಮುಳ್ಳುಚಮಚದಿಂದ ಚುಚ್ಚಿ ನೋಡಿ, "ಇನ್ನೂ ಸ್ವಲ್ಪ ಬೇಯಲಿ ಬಿಡು" ಎಂದಳು. ಎದ್ದು ಕುಳಿತು ಮೊದಲು ಮಣಿಕಟ್ಟು ಮುಟ್ಟಿಕೊಂಡೆ. ಗಡಿಯಾರ ಇತ್ತು. ಕಿವಿಗೆ ಹಿಡಿದೆ, ನಡೆಯುತ್ತಿತ್ತು. ಆದರೂ ನಂಬಿಕೆ ಬರಲಿಲ್ಲ. ದೀಪ ಹಾಕಿ ಮುಳ್ಳು ನೋಡಿ, ಎರಡು ಸುತ್ತು ಕೀ ಕೊಟ್ಟು, ಆಮೇಲೆ ಮಲಗಿದೆ.

ಎದೆ ಡವಗುಟ್ಟಿದ್ದನ್ನೆಲ್ಲ ಊರಿಗೆ ಹೇಳಿಕೊಂಡು ತಿರುಗುವ ಬದಲು ಕಾಗದಕ್ಕೆ ಹೇಳು, ಕಾಗದಕ್ಕೆ ಬೇಜಾರಾಗುವುದಿಲ್ಲ ಎಂದು ನಮ್ಮೂರ ನರ್ಸಮ್ಮ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಓದು ಅಷ್ಟಕ್ಕಷ್ಟೆ. ಹತ್ತನೇ ವಯಸ್ಸಿಗೆ ಶ್ವಾಸಕೋಶದ ಕಾಯಿಲೆಯೆಂದು ಬೆಟ್ಟದ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಚಳಿಗಾಲಗಳನ್ನು ಕಳೆದು ತಿರುಗಿ ಬರುವಷ್ಟರಲ್ಲಿ ಜೊತೆಯ ಮಕ್ಕಳು ಭಿನ್ನರಾಶಿಯನ್ನೂ ದಾಟಿ ಎಲ್ಲೋ ಹೋಗಿದ್ದರು. ನಾನು ಅವರನ್ನು ಹಿಡಿಯಲೇ ಇಲ್ಲ.

ಈಗ ಗಡಿಯಾರದ ವಿಷಯ. ನಾನು ಅಕ್ಕ ಎಡ್ಮೆಯ ಬೇಕರಿಯಿಂದ ಮನೆ ಮನೆಗೆ ಬ್ರೆಡ್ಡು ಮುಟ್ಟಿಸುವವಳು. ಮೊನ್ನೆ ಶನಿವಾರ ಗಡಿಯಾರದ ನ್ಯೂಮಾ ಮತೀಲ್ ಅಂಗಡಿಗೆ ಬಂದು, ಟೋಪಿ ತೆಗೆದು, ಅಕ್ಕನನ್ನು ಕೇಳಿದರು: "ನಿಮ್ಮ ತಂಗೀದು ಎಡಗೈ ಒಂದು ತಿಂಗಳ ಮಟ್ಟಿಗೆ ಬೇಕಿತ್ತು."

"ತಗೊಂಡ್ರೆ ಪೂರ್ತಿ ತಗೊಳ್ಳಿ. ಬಿಡಿಭಾಗ ಮಾರಲ್ಲ ನಾವು" ಎಂದಳು ಅಕ್ಕ.

ಮತೀಲ್ ಇಷ್ಟು ವರ್ಷ ಬೇರೆಯವರ ಹೆಸರಿನ ಗಡಿಯಾರ ಕೂಡಿಸಿದವರು. ಈಗ ಮೊದಲ ಸಲ ತಮ್ಮದೇ ಒಂದನ್ನು ಮಾಡಿದ್ದಾರೆ. ಅಕ್ಟೋಬರ್ ಒಂದಕ್ಕೆ ನ್ಯೂಶಾತೆಲಿನ ವೀಕ್ಷಣಾಲಯ ನಡೆಸುವ ಗಡಿಯಾರಗಳ ಸ್ಪರ್ಧೆಗೆ ಕೊಡಬೇಕು. ಅದಕ್ಕೆ ಮೊದಲು ಅದು ಮನುಷ್ಯರ ಕೈಮೇಲೆ ಒಂದು ತಿಂಗಳು ನಡೆಯಬೇಕಂತೆ. ಮಾಡಿದವನ ಕೈ ಮಾತ್ರ ಆಗದು, ಅವನು ಅದನ್ನು ಮೊಟ್ಟೆಯ ಹಾಗೆ ಹೊತ್ತು ತಿರುಗುತ್ತಾನೆ. ಇದು ಅವರ ಅಜ್ಜನ ಕಾಲದ ನೇಮ. ನನ್ನ ಕೈಯಾದರೋ ಲೊಕ್ಲ್ ಊರಿನ ಎಲ್ಲ ಮೆಟ್ಟಿಲನ್ನೂ ದಿನಾ ಹತ್ತಿಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಅವರ ಮನೆಗೆ ಬ್ರೆಡ್ಡು ಕೊಡುವಾಗ ಗಡಿಯಾರವನ್ನೂ ತೋರಿಸಬೇಕು. ಅವರ ದೊಡ್ಡ ಗೋಡೆ ಗಡಿಯಾರಕ್ಕೆ ಹಿಡಿದು ನೋಡುತ್ತಾರೆ. ದಿನಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಹಿಂದೆ ಮುಂದೆ ಆಗಕೂಡದು.

ಹಾಗೇನಾದರೂ ಆಗಿಬಿಟ್ಟರೆ? ಬೀಲ್ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಅವರ ಭಾವಮೈದುನ ಅವರಿಗೆಂದೇ ಒಂದು ಮೇಸ್ತ್ರಿ ಕೆಲಸ ಹಿಡಿದಿಟ್ಟುಕೊಂಡು ಕುಳಿತಿದ್ದಾನೆ. ಗಡಿಯಾರ ಕೈಕೊಟ್ಟರೆ ಮತೀಲ್ ಅಂಗಡಿಗೆ ಬೀಗ ಹಾಕಿ ಅಲ್ಲಿಗೆ ಹೋಗುತ್ತಾರೆ. ತಿಂಗಳ ಕೊನೆಯೊಳಗೆ ಉತ್ತರ ಬರೆಯಬೇಕು. ಹೋದರೆ ಹೋಗಲಿ, ನನಗೆ ಒಂದು ಮನೆಯ ಬ್ರೆಡ್ಡು ಕಡಿಮೆ. ಆದರೆ ಬೇಕರಿಯ ಬ್ಲೂಯೆಟ್ ಕೈಯಿಂದ ಕೆಟ್ಟಿತು ಎಂದು ಊರು ಆಡಿಕೊಳ್ಳಬಾರದು.

ನಿನ್ನೆ ಬೆಳಿಗ್ಗೆ ಕಟ್ಟಿದರು. ಇವತ್ತು ಮೊದಲ ಪರೀಕ್ಷೆ. ಮೂವತ್ತೆಂಟು ಸೆಕೆಂಡು ಮುಂದೆ.

ಮತೀಲ್ ಗೋಡೆ ಗಡಿಯಾರವನ್ನು ಇನ್ನೊಮ್ಮೆ ನೋಡಿದರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

೪ ಸೆಪ್ಟೆಂಬರ್, ಬುಧವಾರ

ನಿನ್ನೆ ಇಪ್ಪತ್ತೊಂಬತ್ತು. ಇವತ್ತು ಮೂವತ್ತಮೂರು.

ಮಂಜು ಬಿದ್ದು ಮೆಟ್ಟಿಲೆಲ್ಲ ಒದ್ದೆ. ಕೆಮ್ಮು ಬರುತ್ತಿದೆಯೋ ಬರುವ ಹಾಗಿದೆಯೋ ತಿಳಿಯದು. ಭಾವ ಒಲೆಯ ಚಿಮಣಿ ಶುಚಿ ಮಾಡಿಸಿಲ್ಲ, ಒಂದು ದಿನ ಬೇಕರಿ ಹೊತ್ತಿಕೊಳ್ಳುತ್ತದೆ. ಗಡಿಯಾರದ ಪಟ್ಟಿ ಬಿಗಿಯಾಗಿ ಕೈ ಜೋಮು ಹಿಡಿದರೆ ಎಂಬ ಭಯ, ಸಡಿಲ ಮಾಡಿದರೆ ಕಳಚಿ ಚರಂಡಿಗೆ ಬಿದ್ದರೆ ಎಂಬ ಭಯ. ಒಂದು ತೂತು ಬಿಗಿ ಮಾಡಿ, ಒಂದು ತೂತು ಸಡಿಲ ಮಾಡಿ, ಇಡೀ ದಿನ ಅದೇ ಆಯಿತು.

ಮತೀಲ್ ಪೊಲೀಸರ ಹಾಗೆ ವಿಚಾರಣೆ ಮಾಡಿದರು.

"ಒಲೆ ಹತ್ರ ಇಟ್ಟಿದ್ರಾ?"

"ಇಲ್ಲ."

"ಎಲ್ಲಾದ್ರೂ ಬಡಿದ್ರಾ?"

"ಡಾಕ್ಟರ ಮನೆ ಬಾಗಿಲಿಗೆ ತಾಗಿರಬೇಕು. ಇಲ್ಲ, ಅದು ಬಲಗೈ. ಇಲ್ಲ, ತಾಗಲೇ ಇಲ್ಲ, ತಾಗಬಹುದು ಅಂತ ಹೆದರಿದೆ ಅಷ್ಟೆ."

"ಹೆದರಿದ್ದಕ್ಕೆ ಗಡಿಯಾರ ಓಡಲ್ಲ, ಬ್ಲೂಯೆಟ್ ಅವರೇ."

ನನಗೆ ಹಾಗನ್ನಿಸುವುದಿಲ್ಲ. ನನ್ನ ರಕ್ತದಲ್ಲೇ ಏನೋ ಇದೆ.

೫ ಸೆಪ್ಟೆಂಬರ್, ಗುರುವಾರ

ಕಾರಣ ಸಿಕ್ಕಿತು. ಕಾರಣ ನಾನೇ.

ಇವತ್ತು ಮತೀಲ್ ನನ್ನನ್ನು ಕೂರಿಸಿ, "ಏನಾದರೂ ಮಾತಾಡಿ" ಎಂದರು. ಏನು ಮಾತಾಡಲಿ? ಚಿಮಣಿಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಬೇಕರಿ ಹೊತ್ತಿಕೊಂಡು ಪಕ್ಕದ ಮನೆಗೂ ಹಬ್ಬುವ ತನಕ ಬಂದಿದ್ದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ.

"ಈಗ ಏನ್ ಮಾಡಿದ್ರಿ?"

"ಏನೂ ಇಲ್ಲ."

"ಕೈ ನೋಡ್ಕೊಳ್ಳಿ."

ನೋಡಿದರೆ ನನ್ನ ಬಲಗೈಯ ಹೆಬ್ಬೆರಳು ತೋರುಬೆರಳು ಎರಡೂ ಗಡಿಯಾರದ ಕೀ ಗುಂಡಿಯ ಮೇಲೆ. ತಿರುಗಿಸುತ್ತಿವೆ. ನನಗೆ ಗೊತ್ತೇ ಇಲ್ಲ.

ನಮ್ಮಪ್ಪನೂ ಗಡಿಯಾರ ಕೂಡಿಸುತ್ತಿದ್ದವನು. ಸಂಜೆ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟ ಗಡಿಯಾರಗಳಿಗೆ ಕೀ ಕೊಡುವುದು ಮಕ್ಕಳ ಕೆಲಸ. ನಮ್ಮ ಬೆರಳು ಚಮಚಕ್ಕಿಂತ ಮೊದಲು ಕಲಿತದ್ದು ಅದನ್ನೇ. ಒಂದು ಚಿಂತೆ ಬಂದರೆ ಎರಡು ಸುತ್ತು. ನನಗೆ ದಿನಕ್ಕೆ ಎಷ್ಟು ಚಿಂತೆ ಬರುತ್ತವೆ ಎಂದು ಲೆಕ್ಕ ಹಾಕಲು ಭಿನ್ನರಾಶಿ ಬಲ್ಲವರೇ ಬೇಕು.

ಮತೀಲ್ ವಿವರಿಸಿದರು. ಒಳಗಿನ ಸ್ಪ್ರಿಂಗು ಬೆಳಿಗ್ಗೆ ಒಮ್ಮೆ ತುಂಬಿದರೆ ಸಾಕು, ಮಾರನೆಯ ಬೆಳಿಗ್ಗೆಯ ತನಕ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಕ್ಷಣಕ್ಷಣಕ್ಕೂ ಕಂಠಪೂರ್ತಿ ತುಂಬುತ್ತಿದ್ದರೆ, ಮೇಲಿಂದ ಕೈಯನ್ನೂ ಬೀಸಿ ನಡೆದರೆ, ಒಳಗಿನ ತೂಗುಚಕ್ರ ಮಿತಿಮೀರಿ ಸುತ್ತಿ, ಹಿಂದಿನಿಂದ ಬಂದು ತಡೆಗೆ ಬಡಿದು, ನಾಗಾಲೋಟ ಹಿಡಿಯುತ್ತದೆ.

"ಹೊಟ್ಟೆ ತುಂಬಿದ ಕುದುರೆಗೆ ಮತ್ತೆ ಮತ್ತೆ ಕಾಳು ಹಾಕಿ ಇಳಿಜಾರಲ್ಲಿ ಬಿಟ್ಟ ಹಾಗೆ" ಎಂದರು. "ಇನ್ಮೇಲೆ ಬೆಳಿಗ್ಗೆ ನಾನೇ ಕೀ ಕೊಡ್ತೀನಿ. ನೀವು ಮುಟ್ಟಬಾರದು."

"ಬೆರಳು ಕೇಳದಿದ್ರೆ?"

"ಕೋಟಿನ ಗುಂಡಿ ಇದೆಯಲ್ಲ, ಅದನ್ನ ತಿರುಗಿಸಿ."

೭ ಸೆಪ್ಟೆಂಬರ್, ಶನಿವಾರ

ನಿನ್ನೆ ಐದು, ಇವತ್ತು ನಾಲ್ಕು. ನಾಲ್ಕು ಎಂದರೆ ಒಂದು ಉಸಿರು ಎಳೆದು ಬಿಡುವಷ್ಟು.

ಕೋಟಿನ ಎರಡು ಗುಂಡಿ ಕಿತ್ತು ಬಂದಿವೆ. ಅದನ್ನು ನೋಡಿ ಮತೀಲ್, ಕೋಟು ಬಿಚ್ಚಿಸಿ, ಗಡಿಯಾರದ ಚಿಮುಟದಲ್ಲಿ ಸೂಜಿ ಹಿಡಿದು, ಭೂತಗನ್ನಡಿ ಸಿಕ್ಕಿಸಿಕೊಂಡು ಹೊಲಿದುಕೊಟ್ಟರು. ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಕಾಣುವುದಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತಿರಲಾಗದೆ ಅವರು ಕೊಟ್ಟ ಕಾಫಿ ಕುಡಿದೆ. ಮೇಲಿನ ಬೀದಿಯವರಿಗೆ ಬ್ರೆಡ್ಡು ತಡವಾಯಿತು. ಬೈದರು.

೯ ಸೆಪ್ಟೆಂಬರ್, ಸೋಮವಾರ

ನಲವತ್ತೊಂದು.

ನಾನು ಮುಟ್ಟಿಲ್ಲ. ಇಡೀ ಭಾನುವಾರ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ, ಪ್ರಾರ್ಥನೆಯಲ್ಲೂ ತೆಗೆಯಲಿಲ್ಲ. ಮತೀಲರಿಗೆ ಹೇಳಿದೆ: "ಬೈಬಲ್ ತನ್ನಿ, ಮುಟ್ಟಿ ಹೇಳ್ತೀನಿ."

"ಬೈಬಲ್ ಯಾಕೆ, ಕಾಫಿ ಕುಡೀರಿ" ಎಂದರು. ಮುಖ ಮಾತ್ರ ಸಪ್ಪೆಯಾಗಿತ್ತು. ಬೀಲಿನಿಂದ ಬಂದ ಕಾಗದ ಮೇಜಿನ ಮೇಲೇ ಇತ್ತು.

ರಾತ್ರಿ ಎರಡು ಸಲ ಎದ್ದೆ. ನಾನು ನಿದ್ದೆಯಲ್ಲಿ ಕೀ ಕೊಡುತ್ತಿರಬಹುದೇ?

೧೨ ಸೆಪ್ಟೆಂಬರ್, ಗುರುವಾರ

ಮೂರು. ಮೂರು. ಎರಡು. ರಾತ್ರಿ ಬಲಗೈಗೆ ಉಣ್ಣೆಯ ಗವಸು ಹಾಕಿ ಮಲಗುತ್ತಿದ್ದೇನೆ.

ಅಕ್ಕ ಗಲ್ಲಾದಲ್ಲಿ ನಿಂತು ಕೇಳಿದಳು: "ಲೇ, ಮತೀಲ್ ಮನೇಲಿ ಯಾರಾದ್ರೂ ನೆಂಟರು ಬಂದಿದಾರಾ?"

"ಯಾಕೆ?"

"ಒಂಟಿ ಮನುಷ್ಯ. ದಿನಾ ಎರಡು ದೊಡ್ಡ ಬ್ರೆಡ್ಡು, ಮೇಲೆ ಒಂದು ಒಣದ್ರಾಕ್ಷಿ ಬ್ರೆಡ್ಡು. ಕುದುರೆ ಸಾಕಿದಾರಾ?"

ಹೌದಲ್ಲ. ನನಗೆ ಹೊಳೆದಿರಲಿಲ್ಲ. ಹೊಟ್ಟೆಯ ಹುಳುವಿನ ಕಾಯಿಲೆ ಇದ್ದರೆ ಹಾಗೆ ಹಸಿವಾಗುತ್ತದಂತೆ. ಕೇಳಬೇಕು, ಆದರೆ ಹೇಗೆ ಕೇಳುವುದು.

೧೬ ಸೆಪ್ಟೆಂಬರ್, ಸೋಮವಾರ

ನಿನ್ನೆ ಉಪವಾಸದ ಭಾನುವಾರ. ಉಪವಾಸವೆಂದರೆ ಊರಿಗೆ ಊರೇ ಊಟ ಬಿಟ್ಟು ಪ್ಲಮ್ ಹಣ್ಣು ಹರಡಿ ಬೇಯಿಸಿದ ಟಾರ್ಟನ್ನು ಹೊಟ್ಟೆ ಬಿರಿಯುವಷ್ಟು ತಿನ್ನುವ ದಿನ. ಬೇಕರಿಗೆ ಪ್ರಾಣ ಹೋಗುವಷ್ಟು ಕೆಲಸ. ನಾನೂ ಗಲ್ಲಾದಲ್ಲಿ ನಿಂತಿದ್ದೆ.

ಅಂಚೆಯ ಅರಿಸ್ಟ್ ಟಾರ್ಟು ತೆಗೆದುಕೊಳ್ಳಲು ಬಂದ. "ಓ, ಇದೇನಾ ನ್ಯೂಮಾನ ಗಡಿಯಾರ? ತೋರಿಸು" ಎಂದ. ಕೈ ಚಾಚಿದೆ. ನನ್ನ ಮಣಿಕಟ್ಟನ್ನು ಎತ್ತಿ ಕಿವಿಗೆ ಹಿಡಿದ, ಕಣ್ಣು ಮುಚ್ಚಿದ, ತಲೆ ತೂಗಿದ. ಆಮೇಲೆ ಅವನ ಹೆಬ್ಬೆರಳು ಸಲೀಸಾಗಿ ಹೋಗಿ ಗುಂಡಿಯನ್ನು ಎರಡು ಸುತ್ತು ತಿರುಗಿಸಿತು. ನನ್ನ ಬೆರಳಿಗೆ ಹತ್ತು ದಿನದಿಂದ ಇಲ್ಲದ ಸುಖ ಅವನಿಗೆ. ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಪಟ್ಟದ್ದರಿಂದಲೇ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಬೀಳುತ್ತಲೇ ಇರಲಿಲ್ಲ.

ಹಿಂದೆಯೇ ಶಾಲೆಯ ಮೇಷ್ಟ್ರ ಹೆಂಡತಿ. ಕಿವಿಗೆ ಹಿಡಿದು ಎರಡು ಸುತ್ತು. ಕಸಾಯಿ ಅಂಗಡಿಯವನು. ಎರಡು ಸುತ್ತು. ನಮ್ಮೂರಿನಲ್ಲಿ ಯಾರ ಕೈಗೆ ಗಡಿಯಾರ ಸಿಕ್ಕಿದರೂ ಹೀಗೇ. ಕಂಕುಳ ಕೂಸಿನ ಕೆನ್ನೆ ಮುಟ್ಟಿದ ಹಾಗೆ ಅದು, ಮಾಡಿದವರಿಗೂ ಗೊತ್ತಾಗುವುದಿಲ್ಲ, ಕಂಡವರಿಗೂ ಗೊತ್ತಾಗುವುದಿಲ್ಲ. ಭಾನುವಾರವೇ ಊರೆಲ್ಲ ಎದುರಾಗುವುದು. ಭಾನುವಾರವೇ ಗಡಿಯಾರ ಹುಚ್ಚೆದ್ದು ಓಡುವುದು.

ಕೊನೆಗೆ ಪಾದ್ರಿಗಳು ಬಂದರು. ಅವರೂ ಕಿವಿಗೆ ಹಿಡಿದು, "ದೇವರ ಕೃಪೆ, ಒಳ್ಳೇ ಸದ್ದು" ಎಂದು ಮೂರು ಸುತ್ತು ಕೊಟ್ಟರು. ಪಾದ್ರಿಗಳಿಗೆ ಬೇಡವೆನ್ನುವುದು ಹೇಗೆ?

ಇವತ್ತು ರಜೆ, ಆದರೂ ಕೀ ಕೊಡಿಸಬೇಕಲ್ಲ ಎಂದು ಏಳಕ್ಕೆ ಹೋದೆ. ಐವತ್ತೆರಡು ಸೆಕೆಂಡು ಮುಂದೆ. ಈ ತನಕ ಇಷ್ಟು ಕೆಟ್ಟದ್ದು ಇಲ್ಲ. ಅಳು ನುಂಗಿಕೊಂಡು ಎಲ್ಲ ಹೇಳಿದೆ. ಅರಿಸ್ಟ್ ಕಣ್ಣು ಮುಚ್ಚಿದ್ದನ್ನು ಮಾಡಿ ತೋರಿಸಿದೆ. ಪಾದ್ರಿಗಳ ಮೂರು ಸುತ್ತು ಹೇಳುವಷ್ಟರಲ್ಲಿ ಮತೀಲ್ ಮೇಜಿನ ಮೇಲೆ ತಲೆಯಿಟ್ಟಿದ್ದರು, ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಎದೆ ಒಡೆಯಿತು. ತಲೆಯೆತ್ತಿದಾಗ ನೋಡಿದರೆ ನಗು. ಭೂತಗನ್ನಡಿ ಬಿದ್ದು ಉರುಳಿ ಒಲೆಯ ಕೆಳಗೆ ಹೋಯಿತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ನನಗೂ ನಗು ತಡೆಯಲಾಗಲಿಲ್ಲ, ಯಾಕೋ.

"ಸರಿ, ಇನ್ನೆರಡು ವಾರ ಇದೆಯಲ್ಲ" ಎಂದಷ್ಟೇ ಹೇಳಿದರು. ಮಿಕ್ಕದ್ದನ್ನು ನಾನೇ ಲೆಕ್ಕ ಹಾಕಿದೆ. ಇನ್ನೆರಡು ವಾರದಲ್ಲಿ ಒಂದು ದಿನ ಕೆಟ್ಟರೂ ಬೀಲ್.

೧೭ ಸೆಪ್ಟೆಂಬರ್, ಮಂಗಳವಾರ

ಮೂರು.

ಅಕ್ಕನಿಗೆ ನಾಗಾಲೋಟದ ವಿಷಯ ಹೇಳಿದೆ. ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಕೇಳಿದಳು: "ಅಷ್ಟಕ್ಕೆ ಸ್ವಲ್ಪ ಮೆತ್ತನೆ ಸ್ಪ್ರಿಂಗ್ ಹಾಕಿದ್ರೆ ಮುಗೀತಲ್ಲ? ನಮ್ಮಪ್ಪ ಆಗಿದ್ರೆ ಒಂದು ಮಧ್ಯಾಹ್ನದ ಕೆಲಸ."

ಇದನ್ನೇ ಮತೀಲರನ್ನು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಹಾಕಬಹುದು. ಆದ್ರೆ ದಿನಾ ಬೆಳಿಗ್ಗೆ ಒಬ್ರು ಕೀ ಕೊಡೋದು, ಒಬ್ರು ಬಂದು ಕೊಡಿಸ್ಕೊಳ್ಳೋದು, ಅದೇ ಹೆಚ್ಚು ಖಚಿತ" ಎಂದರು.

ಅಕ್ಕನಿಗೆ ಹೇಳಿದೆ. ಅಕ್ಕ ಹಿಟ್ಟು ನಾದುತ್ತ ಏನೋ ಹಾಡು ಗುನುಗಿದಳು. ಕೆಲಸಗಾರರ ಕಷ್ಟ ಅವಳಿಗೇನು ಗೊತ್ತು.

೨೩ ಸೆಪ್ಟೆಂಬರ್, ಸೋಮವಾರ

ಐದಾರು ದಿನ ಬರೆಯಲಿಲ್ಲ. ಬರೆಯಬೇಕೆಂದು ಕುಳಿತರೆ ಬರೆಯುವಂಥ ಭಯ ಯಾವುದೂ ತಟ್ಟನೆ ಸಿಗಲಿಲ್ಲ, ಹುಡುಕುವಷ್ಟರಲ್ಲಿ ನಿದ್ದೆ ಬರುತ್ತಿತ್ತು.

ನಿನ್ನೆ ಭಾನುವಾರ ಬೆಟ್ಟದ ಹುಲ್ಲುಗಾವಲಿನಲ್ಲಿ ಕೆಂಡದೂಟ. ಚರ್ಚಿನ ಹಾಡಿನ ತಂಡದವರೆಲ್ಲ ಸೇರುವುದು, ಫರ್ ಮರದ ಕೊಂಬೆ ಸುಟ್ಟು ಕೆಂಡ ಮಾಡಿ, ಎಲೆಕೋಸಿನ ಎಲೆಯಲ್ಲೂ ಒದ್ದೆ ಕಾಗದದಲ್ಲೂ ಸುತ್ತಿದ ಸಾಸೇಜು ಹೂತಿಡುವುದು. ಊರೆಲ್ಲ ಅಲ್ಲೇ. ಎಂದರೆ ಊರಿನ ಹೆಬ್ಬೆರಳೆಲ್ಲ ಅಲ್ಲೇ. ನಾನು ಬರುವುದೇ ಇಲ್ಲ, ಮನೆಯಲ್ಲಿ ಚಿಲಕ ಹಾಕಿಕೊಂಡು ಕೂರುತ್ತೇನೆ ಎಂದೆ. ಮತೀಲ್ ಕೇಳಲಿಲ್ಲ. "ಕೂತ ಕೈಮೇಲೆ ಪರೀಕ್ಷೆ ಆಗಲ್ಲ. ನಾನೂ ಬರ್ತೀನಿ, ಕಾವಲಿಗೆ."

ಬಂದರು. ಹೆಂಡತಿ ತೀರಿದ ಮೇಲೆ ಎಂಟು ವರ್ಷದಿಂದ ಅವರು ಕೆಂಡದೂಟಕ್ಕೆ ಬಂದವರಲ್ಲ. ನನ್ನ ಎಡಕ್ಕೆ ಹುಲ್ಲಿನ ಮೇಲೆ ಕುಳಿತು, ಕರವಸ್ತ್ರದಿಂದ ಗಡ್ಡ ಒರೆಸಿಕೊಂಡು, ಬಲಗೈಯಿಂದ ನನ್ನ ಎಡ ಮಣಿಕಟ್ಟನ್ನು, ಗಡಿಯಾರದ ಗುಂಡಿಗೆ ಅಡ್ಡವಾಗಿ, ಹಿಡಿದುಕೊಂಡರು. ಬೆಳಗಿನಿಂದ ಹಸುಗಳು ಕೊಟ್ಟಿಗೆಗೆ ತಿರುಗುವ ತನಕ ಬಿಡಲಿಲ್ಲ.

ಅರಿಸ್ಟ್ ಬಂದ. "ಏನಪ್ಪಾ ನ್ಯೂಮಾ, ಗಡಿಯಾರ ಓಡಿಹೋಗುತ್ತೆ ಅಂತ ಹಿಡ್ಕೊಂಡಿದೀಯಾ?"

"ಊರ ತುಂಬ ಕಳ್ಳರು. ನೀನೇ ಮೊದಲನೆಯವನು."

"ಗಡಿಯಾರ ಕದಿಯೋರನ್ನ ಕಂಡಿದ್ದೆ. ಇದೇನು ಕದೀತಿರೋದು ಅಂತ ಗೊತ್ತಾಗ್ತಿಲ್ಲಪ್ಪ."

ಅಕ್ಕ ಬಿಡುತ್ತಾಳೆಯೇ? "ಮಾಡಿದವನ ಕೈ ತಾಗಬಾರದು ಅಂತ ನಿಮ್ಮಜ್ಜನ ನೇಮ ಇತ್ತಲ್ಲ ಮತೀಲ್?"

"ಗಡಿಯಾರಕ್ಕೆ ತಾಗಿಲ್ಲ ಎಡ್ಮೆ ಅವರೇ. ಅದರ ಪಕ್ಕಕ್ಕೆ ತಾಗಿದೆ."

ಎಲ್ಲರೂ ನಕ್ಕರು. ಪಾಪ, ಕೆಲಸದ ಮೇಲಿನ ನಿಷ್ಠೆಯನ್ನು ಹೀಗೆ ಆಡಿಕೊಳ್ಳಬಾರದು. ಸಾಸೇಜು ಬಂದಾಗ ತೊಂದರೆಯಾಯಿತು. ಅವರಿಗೆ ಎಡಗೈ ಮಾತ್ರ, ನನಗೆ ಬಲಗೈ ಮಾತ್ರ. ಅವರು ಮುಳ್ಳುಚಮಚದಿಂದ ಒತ್ತಿ ಹಿಡಿದರು, ನಾನು ಚಾಕುವಿನಿಂದ ಕೊಯ್ದೆ, ಒಂದು ತುಂಡು ಅವರಿಗೆ ಒಂದು ನನಗೆ. ಒಂದು ತುಂಡು ಹಾರಿ ಪಾದ್ರಿಗಳ ಟೋಪಿಯೊಳಗೆ ಬಿತ್ತು. ಅವರು ನೋಡಲಿಲ್ಲ. ಲೇಬಲ್ಲಿಲ್ಲದ ಕಳ್ಳ ಮದ್ಯದ ಬಾಟಲಿಯೊಂದು ಕೈಯಿಂದ ಕೈಗೆ ಸಾಗುತ್ತಿದ್ದುದರಿಂದ ಅವರು ಬಹಳ ಹೊತ್ತಿನಿಂದ ಬೇಕೆಂದೇ ಹಸುಗಳ ಕಡೆ ಮುಖ ಮಾಡಿ ಕುಳಿತಿದ್ದರು.

ಕೊನೆಗೆ ಹಾಡು. ನಾನೂ ಹಾಡಿದೆ, ಮೂರು ಹಾಡು, ಪೂರಾ ದನಿಯಲ್ಲಿ. ನನಗೆ ಶ್ವಾಸಕೋಶ ಇದೆ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಇವತ್ತು ಏಳಕ್ಕೆ: ಎರಡು ಸೆಕೆಂಡು. ಭಾನುವಾರ ಕಳೆದೂ ಎರಡೇ.

"ನೋಡಿದೆಯಾ?" ಎಂದರು. ನೋಡಿದಿರಾ ಎನ್ನಲಿಲ್ಲ. ಸಂತೋಷದಲ್ಲಿ ಬಾಯಿ ತಪ್ಪಿರಬೇಕು. ನಾನು ತಿದ್ದಲಿಲ್ಲ.

೨೭ ಸೆಪ್ಟೆಂಬರ್, ಶುಕ್ರವಾರ

ಮಂಜು. ಮತೀಲರ ಮನೆಯ ಕೆಳಗಿನ ಮೆಟ್ಟಿಲಿನಲ್ಲಿ ಜಾರಿ ಬಿದ್ದೆ. ಬುಟ್ಟಿ ಹಾರಿತು. ಬ್ರೆಡ್ಡುಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ಬೀದಿಗೆ ಹೋದವು. ನಾನು ಮಾತ್ರ ಎಡಗೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿಕೊಂಡೇ ಬಿದ್ದೆ, ಬಿದ್ದ ಮೇಲೂ ಇಳಿಸಲಿಲ್ಲ, ಉತ್ತರ ಗೊತ್ತಿರುವ ಮಗು ಶಾಲೆಯಲ್ಲಿ ಕೈಯೆತ್ತುವ ಹಾಗೆ. ಶಾಲೆಯಲ್ಲಿ ನಾನು ಎಂದೂ ಹಾಗೆ ಎತ್ತಿದ್ದಿಲ್ಲ.

ಮತೀಲ್ ಓಡಿ ಬಂದರು. "ನೋಡಿ, ನಡೀತಿದೆ, ಎಲ್ಲೂ ತಾಗಿಲ್ಲ" ಎಂದು ಮಣಿಕಟ್ಟನ್ನು ಅವರ ಮುಖದ ಹತ್ತಿರ ಹಿಡಿದೆ. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮಂಡಿಯನ್ನೇ ನೋಡುತ್ತಿದ್ದರು. ಒಳಗೆ ಕರೆದೊಯ್ದು, ನೀರು ಕಾಯಿಸಿ, ತೊಳೆದು, ಬಟ್ಟೆ ಕಟ್ಟಿದರು. ಗಂಟನ್ನು ಎರಡು ಸಲ ತಪ್ಪಿ ಹಾಕಿತು, ಕೂದಲಿಗಿಂತ ಸಣ್ಣ ತಿರುಪು ಹಿಡಿಯುವ ಕೈ. ಗಡಿಯಾರದ ಮಾತನ್ನೇ ಎತ್ತಲಿಲ್ಲ. ನಾನೇ ನೆನಪಿಸಿ ಗೋಡೆ ಗಡಿಯಾರಕ್ಕೆ ಹಿಡಿದು ತೋರಿಸಬೇಕಾಯಿತು. ಮೂರು. ಇಷ್ಟು ಅಜಾಗರೂಕರಾದರೆ ಸ್ಪರ್ಧೆಗೆ ಹೋಗುವುದು ಹೇಗೆ?

ಬೀಲಿಗೆ ಏನು ಬರೆದರು ಎಂದು ಕೇಳಲು ನಾಲಿಗೆ ಏಳಲಿಲ್ಲ. ಮೇಜಿನ ಮೇಲೆ ಆ ಕಾಗದ ಈಗ ಇಲ್ಲ.

ಆ ಮೆಟ್ಟಿಲಿನ ಮೇಲೆ ಬೇರೆ ಯಾರಾದರೂ ಬ್ರೆಡ್ಡು ಹಿಡಿದು ಹತ್ತುವುದನ್ನು, ಹತ್ತಿದ ಮೇಲೆ ಬಾಗಿಲಿಗೆ ಬೀಗ ಇರುವುದನ್ನು ಯೋಚಿಸಿದೆ. ಬರೆಯುವುದು ಸಾಕು.

೩೦ ಸೆಪ್ಟೆಂಬರ್, ಸೋಮವಾರ

ನಿನ್ನೆ ಭಾನುವಾರವೂ ಮತೀಲ್ ಕಾವಲಿಗೆ ಬಂದಿದ್ದರು, ಪ್ರಾರ್ಥನೆಯಿಂದ ಹಿಡಿದು ಅಕ್ಕನ ಮನೆಯ ಕಾಫಿಯ ತನಕ. ಇವತ್ತು ಕೊನೆಯ ಪರೀಕ್ಷೆ. ಮೂರು ಸೆಕೆಂಡು. ಎರಡು ವಾರದಲ್ಲಿ ಒಂದು ದಿನವೂ ಕೆಡಲಿಲ್ಲ.

ಆಗ ಕೇಳಿಯೇಬಿಟ್ಟೆ. "ಬೀಲಿಗೆ ಬರೆದಾಯ್ತಾ?"

"ಆಯ್ತು."

"ಬರ್ತೀನಿ ಅಂತಲಾ?"

"ಬರಲ್ಲ ಅಂತ."

ಕುರ್ಚಿಯ ಬೆನ್ನು ಹಿಡಿದುಕೊಂಡೆ. "ಯಾವಾಗ ಬರೆದ್ರಿ? ಇವತ್ತಾ?"

"ಉಪವಾಸದ ಮಾರನೇ ದಿನ."

"ಅವತ್ತು ಐವತ್ತೆರಡು ಸೆಕೆಂಡು ಮುಂದೆ ಇತ್ತಲ್ಲ. ಅಷ್ಟು ಕೆಟ್ಟ ದಿನ ಇನ್ನೊಂದಿರಲಿಲ್ಲ."

"ಹೂಂ. ಈ ಕೋಣೇಲಿ ಅಷ್ಟು ನಕ್ಕ ದಿನಾನೂ ಎಂಟು ವರ್ಷದಿಂದ ಇನ್ನೊಂದಿರಲಿಲ್ಲ."

"ಹಾಗಾದ್ರೆ ನಾನು ಎರಡು ವಾರ ಸುಮ್ಮನೆ ಹೆದರಿದ್ನಾ?"

"ನೀನು ಸುಮ್ಮನೆ ಹೆದರೋದು ಹೊಸದಾ?"

ಪಟ್ಟಿ ಬಿಚ್ಚಿ ಗಡಿಯಾರ ತೆಗೆದುಕೊಂಡರು. ನನ್ನ ಮಣಿಕಟ್ಟಿನಲ್ಲಿ ಬೆಳ್ಳಗೆ ಒಂದು ಪಟ್ಟಿ ಉಳಿಯಿತು. ಗಡಿಯಾರವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಹಾಗೆ ಮಾಡುವುದು ನಾನು, ಅವರಲ್ಲ.

"ನಾಳೆ ಬೆಳಗಿನ ರೈಲಿಗೆ ಹೋಗಿ ಇದನ್ನ ಕೊಟ್ಟು ಬರ್ತೀನಿ. ಇನ್ಮೇಲೆ ಏಳು ಗಂಟೆಗೆ ನೀನು ಇಲ್ಲಿ ನಿಲ್ಲೋಕೆ ಕಾರಣ ಇರಲ್ಲ."

"ಬ್ರೆಡ್ಡು?"

"ಬ್ರೆಡ್ಡು ಕಿಟಕಿ ಮೇಲೆ ಇಟ್ಟು ಹೋಗಬಹುದು. ಒಬ್ಬನಿಗೆ ಅಷ್ಟೊಂದು ಬೇಕಾಗೂ ಇಲ್ಲ, ಬೀರು ತುಂಬ ಒಣಗಿದ ಬ್ರೆಡ್ಡೇ ಇದೆ." ಚಿಮುಟವನ್ನು ಎತ್ತಿ ಇಟ್ಟರು. "ಅದಕ್ಕೇ ಯೋಚನೆ ಮಾಡಿದೆ. ದಿನಾ ಬರೋದು ಹೋಗೋದು ಯಾಕೆ. ಇಲ್ಲೇ ಇದ್ದುಬಿಡ್ತೀಯಾ, ಬ್ಲೂಯೆಟ್? ಪಾದ್ರಿಗಳಿಗೆ ಹೇಳಿ, ಎಲ್ಲ ಸರಿಯಾಗಿ."

ಗೋಡೆ ಗಡಿಯಾರ ನಡೆಯುತ್ತಿತ್ತು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ. ಹೂಂ ಎಂದೆ. ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಆಮೇಲೆ ಡಾಕ್ಟರ ಮನೆಯ ಬಿಳಿ ಬ್ರೆಡ್ಡನ್ನು ಕಮ್ಮಾರನಿಗೂ ಕಮ್ಮಾರನ ಕರಿ ಬ್ರೆಡ್ಡನ್ನು ಮೇಷ್ಟ್ರ ಮನೆಗೂ ಕೊಟ್ಟು, ಮೇಷ್ಟ್ರದ್ದನ್ನು ಬುಟ್ಟಿಯಲ್ಲೇ ವಾಪಸು ತಂದೆ. ದಾರಿಯಲ್ಲಿ ಯಾರೋ ಹಾಡುತ್ತಿದ್ದರು, ತಿರುಗಿ ನೋಡಿದರೆ ಯಾರೂ ಇಲ್ಲ.

ಅಕ್ಕನಿಗೆ ಹೇಳಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡು ಕೋಟೆಲ್ಲ ಬೆಳ್ಳಗೆ ಮಾಡಿದಳು. ಆಮೇಲೆ ದೂರ ಹಿಡಿದು ನನ್ನನ್ನೇ ನೋಡಿದಳು.

"ನೀನೇನಂದೆ?"

"ಹೂಂ ಅಂದೆ."

"ಬಾಯಿಬಿಟ್ಟು ಅಂದ್ಯಾ, ಮನಸ್ಸಲ್ಲೇ ಅಂದ್ಯಾ? ನಿನ್ನ ಹುಟ್ಟಿದಾಗಿಂದ ಕಂಡಿದೀನಿ ಕಣೇ. ಅರ್ಧ ಮಾತು ಒಳಗೇ ಆಡ್ತೀಯ."

ಅಲ್ಲಿಗೆ ಹೋಯಿತು ನೆಮ್ಮದಿ. ಅಂದಿದ್ದೇನೆ. ನಾಲಿಗೆ ಒಣಗಿತ್ತು ನಿಜ, ಆದರೆ ತುಟಿ ಅಲ್ಲಾಡಿತ್ತು. ಅವರು ಮುಗುಳ್ನಕ್ಕಿದ್ದರು, ಅದೂ ನಿಜ, ಆದರೆ ಅವರು ಅದಕ್ಕೆ ಮೊದಲೂ ನಗುತ್ತಲೇ ಇದ್ದರು. ನಾನು ಬುಟ್ಟಿ ಎತ್ತಿದ ಸದ್ದಿನಲ್ಲಿ ಮಾತು ಮುಚ್ಚಿಹೋಗಿದ್ದರೆ? ಉತ್ತರ ಹೇಳದೆ ಓಡಿದಳು ಎಂದು ಅವರೀಗ ಕುಳಿತಿದ್ದರೆ?

ಮಧ್ಯಾಹ್ನ ಓಡಿಹೋಗಿ ಕೇಳೋಣವೆಂದರೆ ಮಂಡಿ ಬಿಡಲಿಲ್ಲ, ನಾಚಿಕೆಯೂ ಬಿಡಲಿಲ್ಲ. ನಾಳೆ ಎದುರು ನಿಂತು ಕೇಳುವುದೂ ನನ್ನಿಂದಾಗದು. ಅದಕ್ಕೆ ಅವರ ಬ್ರೆಡ್ಡಿನ ಕಾಗದಕ್ಕೆ ಈಗಲೇ ಒಂದು ಚೀಟಿ ಸಿಕ್ಕಿಸಿ ಇಟ್ಟಿದ್ದೇನೆ. ತಪ್ಪಿಲ್ಲದೆ ಬರೆದಿದ್ದೇನೆಯೇ ಎಂದು ನೋಡಲು, ನಾಳೆ ಅವರು ಓದುವ ಹಾಗೆಯೇ ಇಲ್ಲೂ ಬರೆಯುತ್ತೇನೆ:

ನ್ಯೂಮಾ, ನಿನ್ನೆ ಬೆಳಿಗ್ಗೆ ನಾನು ಹೂಂ ಎಂದದ್ದು ನಿಮಗೆ ಕೇಳಿಸುವಷ್ಟು ಜೋರಾಗಿತ್ತೇ? ರೈಲು ಹತ್ತುವ ಮೊದಲು ದಯವಿಟ್ಟು ಇದೊಂದನ್ನು ಇನ್ನೊಮ್ಮೆ ಸರಿಯಾಗಿ ನೋಡಿ ಹೇಳಿ.